ಬಾಲಾಜಿ ಪ್ರಕರಣದಿಂದ ಒಳಮೀಸಲಾತಿಯವರೆಗೆ: ತೀರ್ಪು ಮುಂದೋ, ತಿದ್ದುಪಡಿ ಮುಂದೋ?

ನಿವೃತ್ತ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗಿನ ಗುಂಪುಗಳಿಗೆ ಬೇರೆ ಬೇರೆಯಾಗಿ ಹಂಚುವ ಒಳಮೀಸಲಾತಿಯ ಬಗ್ಗೆ ನಮ್ಮಲ್ಲಿ ನಡೆಯುತ್ತಿರುವ ಮಾತುಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತಿದೆ. ಕೆಲವರು ಸಂವಿಧಾನದ ಪ್ರತಿಯೊಂದು ತಿದ್ದುಪಡಿಯನ್ನೂ ಮತ ಗಳಿಕೆಯ ಉಪಾಯವೆಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ತಮಗೆ ಒಪ್ಪಿಗೆಯಾಗದ ತೀರ್ಪು ಬಂದಾಗಲೆಲ್ಲ ಅದನ್ನು ಬರೆದವರ ಹುಟ್ಟು ಹಿನ್ನೆಲೆಯನ್ನು ಕೆದಕುತ್ತಾರೆ. ತೀರ್ಪನ್ನೂ ಅದಕ್ಕೆ ಉತ್ತರವಾಗಿ ಬಂದ ತಿದ್ದುಪಡಿಯನ್ನೂ ಒಟ್ಟಿಗೆ ಇಟ್ಟುಕೊಂಡು ಓದುವವರು ಬಹಳ ಕಡಿಮೆ. ಹಾಗೆ ಓದಿದರೆ ಮೀಸಲಾತಿಯ ಕಾನೂನಿನ ಮೂಲಭೂತ ಪ್ರಶ್ನೆಗಳಲ್ಲಿ ಹಲವು ಮೊದಲು ಎದ್ದದ್ದು ನಮ್ಮ ಮೈಸೂರು ರಾಜ್ಯದ ಪ್ರಕರಣಗಳಲ್ಲಿ ಎಂಬುದು ಗೊತ್ತಾಗುತ್ತದೆ.

ಈ ಕಥೆ ಸಂವಿಧಾನಕ್ಕಿಂತ ಹಳೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಸರ್ಕಾರದ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕು ಎಂದು ಆ ಸಮಿತಿ ಹೇಳಿತು. ಈ ವಿಚಾರದಲ್ಲಿ ಭಿನ್ನಾಭಿಪ್ರಾಯವಿದ್ದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷ ಹುದ್ದೆ ತೊರೆದರು. ಪ್ರತಿಭೆ ಮತ್ತು ಪ್ರಾತಿನಿಧ್ಯದ ನಡುವಿನ ವಾದವನ್ನು ನೂರು ವರ್ಷಗಳ ಹಿಂದೆಯೇ ಈ ಊರು ಕಂಡಿದೆ. ಇಬ್ಬರ ಬಗೆಗೂ ನನಗೆ ಗೌರವವಿದೆ. ಆದರೆ ಆ ವಿಷಯದಲ್ಲಿ ಮಹಾರಾಜರ ನಿಲುವೇ ಸರಿಯಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನನ್ನ ವಾದ ಇಷ್ಟು: 1962ರ ಬಾಲಾಜಿ ತೀರ್ಪಿನ ನಂತರ ನ್ಯಾಯಾಲಯಗಳು ಬೇರೆ ಬೇರೆ ಮಾತುಗಳಲ್ಲಿ ಸರ್ಕಾರಗಳ ಮುಂದೆ ಇಟ್ಟಿರುವ ಪ್ರಶ್ನೆ ಒಂದೇ. ಯಾರು ಹಿಂದುಳಿದಿದ್ದಾರೆ, ಎಷ್ಟು ಹಿಂದುಳಿದಿದ್ದಾರೆ, ಅದನ್ನು ಎಣಿಸಿ ತೋರಿಸಿದ್ದೀರಾ? ಎಣಿಸಿ ತೋರಿಸಿದಾಗ ಕಾನೂನು ಉಳಿದಿದೆ, ತೋರಿಸದಿದ್ದಾಗ ಬಿದ್ದಿದೆ. ಇದನ್ನು ಒಪ್ಪುವವರೂ ಒಪ್ಪದವರೂ ಆಧಾರಸಹಿತವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಕಾನೂನು ವಿದ್ಯಾರ್ಥಿನಿ, ಮಂಡ್ಯ

ಸರ್, ನಮಸ್ಕಾರ. ನಮ್ಮ ಪಠ್ಯದಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಿಂದಾಗಿ ಮೊದಲ ತಿದ್ದುಪಡಿ ಬಂತು ಎಂದಷ್ಟೇ ಇದೆ. ಸಂವಿಧಾನದ 16ನೇ ವಿಧಿಯ 4ನೇ ಉಪವಿಧಿಯಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಮೊದಲಿನಿಂದಲೂ ಇದ್ದ ಮೇಲೆ ಮತ್ತೊಂದು ಉಪವಿಧಿ ಏಕೆ ಬೇಕಾಯಿತು? ಬಾಲಾಜಿ ಪ್ರಕರಣದಲ್ಲಿ ಮೈಸೂರು ಸರ್ಕಾರದ ಆದೇಶ ನಿಜವಾಗಿ ಏನು ಹೇಳಿತ್ತು ಎಂಬುದನ್ನೂ ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.

ವಕೀಲ, ಮೈಸೂರು

16(4)ನೇ ವಿಧಿ ಇರುವುದು ಸರ್ಕಾರಿ ಹುದ್ದೆಗಳಿಗೆ ಮಾತ್ರ. ಕಾಲೇಜು ಪ್ರವೇಶಕ್ಕೆ ಅಂಥ ಉಪವಿಧಿ ಮೂಲ ಸಂವಿಧಾನದಲ್ಲಿ ಇರಲಿಲ್ಲ. ಮದರಾಸು ಸರ್ಕಾರದಲ್ಲಿ 1927ರಿಂದ ನಡೆದುಬಂದಿದ್ದ ಕೋಮುವಾರು ಆದೇಶವು ಪ್ರತಿ 14 ಸೀಟುಗಳಲ್ಲಿ 6 ಬ್ರಾಹ್ಮಣೇತರ ಹಿಂದೂಗಳಿಗೆ, 2 ಹಿಂದುಳಿದ ಹಿಂದೂಗಳಿಗೆ, 2 ಹರಿಜನರಿಗೆ, 2 ಬ್ರಾಹ್ಮಣರಿಗೆ, ಒಂದೊಂದು ಮುಸ್ಲಿಮರಿಗೆ ಮತ್ತು ಆಂಗ್ಲೋ ಇಂಡಿಯನ್ ಹಾಗೂ ಭಾರತೀಯ ಕ್ರೈಸ್ತರಿಗೆ ಎಂದು ಹಂಚುತ್ತಿತ್ತು. 1951ರ ಏಪ್ರಿಲ್ 9ರಂದು ಏಳು ನ್ಯಾಯಮೂರ್ತಿಗಳ ಪೀಠ ಅದನ್ನು, ಸರ್ಕಾರಿ ಅಥವಾ ಸರ್ಕಾರಿ ನೆರವಿನ ವಿದ್ಯಾಸಂಸ್ಥೆಗಳಲ್ಲಿ ಜಾತಿ, ಧರ್ಮಗಳ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆನ್ನುವ 29(2)ನೇ ವಿಧಿಗೆ ವಿರುದ್ಧವೆಂದು ರದ್ದುಪಡಿಸಿತು. ಎರಡು ತಿಂಗಳು ಕಳೆದು ಸ್ವಲ್ಪ ದಿನಗಳಲ್ಲೇ, ಜೂನ್ 18ರಂದು, ಮೊದಲ ತಿದ್ದುಪಡಿ ಜಾರಿಗೆ ಬಂದು ಹಿಂದುಳಿದವರಿಗೆ ವಿಶೇಷ ಸೌಲಭ್ಯ ಕೊಡಲು ಅವಕಾಶ ನೀಡುವ 4ನೇ ಉಪವಿಧಿ 15ನೇ ವಿಧಿಗೆ ಸೇರಿತು. ಆಗಿನ್ನೂ ಮೊದಲ ಮಹಾಚುನಾವಣೆ ನಡೆದಿರಲಿಲ್ಲ. ಸಂವಿಧಾನ ಸಭೆಯೇ ತಾತ್ಕಾಲಿಕ ಸಂಸತ್ತಾಗಿ ಕುಳಿತಿತ್ತು, ಕಾನೂನು ಸಚಿವರಾಗಿದ್ದವರು ಡಾ. ಅಂಬೇಡ್ಕರ್. ಸಂವಿಧಾನವನ್ನು ಬರೆದವರೇ ಅದನ್ನು ತಿದ್ದಿದರು ಎಂಬುದನ್ನು, ತಿದ್ದುಪಡಿ ಎಂದರೆ ಸಂವಿಧಾನಕ್ಕೆ ಬಗೆದ ದ್ರೋಹ ಎನ್ನುವವರು ನೆನಪಿಟ್ಟುಕೊಳ್ಳಬೇಕು.

ಇನ್ನು ಬಾಲಾಜಿ. 1962ರ ಜುಲೈ 31ರ ಮೈಸೂರು ಸರ್ಕಾರದ ಆದೇಶ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇಕಡ 28, ಹೆಚ್ಚು ಹಿಂದುಳಿದವರಿಗೆ ಶೇಕಡ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಹೀಗೆ ಒಟ್ಟು ಶೇಕಡ 68 ಸೀಟುಗಳನ್ನು ಕಾದಿರಿಸಿತು. ಅದೇ ವರ್ಷದ ಸೆಪ್ಟೆಂಬರ್ 28ರಂದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಬರೆದ ತೀರ್ಪು ಅದನ್ನು ರದ್ದುಪಡಿಸಿತು. ಕಾರಣಗಳು ಮೂರು: ಹಿಂದುಳಿದಿರುವಿಕೆಯನ್ನು ಅಳೆಯಲು ಜಾತಿಯೊಂದನ್ನೇ ಆಧಾರ ಮಾಡಿಕೊಂಡದ್ದು, ಹಿಂದುಳಿದವರನ್ನು ಎರಡು ಪದರಗಳಾಗಿ ಒಡೆದದ್ದು, ಒಟ್ಟು ಪ್ರಮಾಣ ಅತಿಯಾದದ್ದು. ವಿಶೇಷ ಸೌಲಭ್ಯ ಸಾಮಾನ್ಯವಾಗಿ ಶೇಕಡ 50ಕ್ಕಿಂತ ಕೆಳಗಿರಬೇಕು ಎಂಬ ಮಾತು ಮೊದಲು ಬಂದದ್ದು ಇಲ್ಲಿ.

ಆದೇಶದ ಹಿಂದೆ ಎಣಿಕೆಯೇ ಇರಲಿಲ್ಲ ಎಂದೇನೂ ಅಲ್ಲ. ಹಿಂದುಳಿದವರನ್ನು ಗುರುತಿಸಲು ಸರ್ಕಾರ ನೇಮಿಸಿದ್ದ ನಾಗನಗೌಡ ಸಮಿತಿ ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನರಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ಲೆಕ್ಕ ಹಾಕಿತ್ತು. ರಾಜ್ಯದ ಸರಾಸರಿ 6.9 ಬಂದಿತ್ತು. ಸರಾಸರಿಯ ಆಸುಪಾಸಿನಲ್ಲಿರುವ ಸಮುದಾಯಗಳನ್ನು ಹಿಂದುಳಿದವು ಎನ್ನಲಾಗದು, ಸರಾಸರಿಗಿಂತ ಬಹಳ ಕೆಳಗಿರುವವು ಮಾತ್ರ ಆ ಹೆಸರಿಗೆ ಅರ್ಹ ಎಂದು ನ್ಯಾಯಾಲಯ ಹೇಳಿತು. ಆದ್ದರಿಂದ ಉಪನ್ಯಾಸಕರ ಮಾತಿಗೆ ನನ್ನದೊಂದು ಸೇರ್ಪಡೆ: ಎಣಿಸಿದರೆ ಸಾಲದು, ಎಣಿಕೆ ತೋರಿಸಿದ ದಿಕ್ಕಿಗೇ ಆದೇಶ ನಡೆಯಬೇಕು.

ಮುಂದಿನ ಪ್ರಯತ್ನದಲ್ಲಿ ಸರ್ಕಾರ ಜಾತಿಯನ್ನು ಬಿಟ್ಟು ಕುಟುಂಬದ ವರಮಾನ ಮತ್ತು ಕಸುಬನ್ನು ಹಿಡಿಯಿತು. ವರ್ಷಕ್ಕೆ 1,200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ವರಮಾನವಿದ್ದು ಬೇಸಾಯ, ಸಣ್ಣ ವ್ಯಾಪಾರ, ಕೈಕಸುಬು, ಕೂಲಿಯಂಥ ಕೆಲಸದಲ್ಲಿರುವ ಕುಟುಂಬದವರು ಹಿಂದುಳಿದವರು ಎಂಬ ಈ ಕ್ರಮವನ್ನು 1964ರ ಚಿತ್ರಲೇಖಾ ಪ್ರಕರಣದಲ್ಲಿ ನ್ಯಾಯಾಲಯ ಒಪ್ಪಿತು. ಜಾತಿಯನ್ನು ಪರಿಗಣಿಸಬಹುದು, ಆದರೆ ಅದೇ ಏಕೈಕ ಅಳತೆಗೋಲಾಗಬಾರದು ಎಂಬ ಸ್ಪಷ್ಟನೆ ಸಿಕ್ಕಿದ್ದು ಆಗ.

ಓದುಗ, ನಂಜನಗೂಡು

ವಕೀಲರ ವಿವರಣೆಗೆ ಧನ್ಯವಾದ. ಉಪನ್ಯಾಸಕರ ವಾದವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ.

ಲೆಕ್ಕ ಕೊಡಿ ಎಂದು ಸರ್ಕಾರವನ್ನು ಕೇಳಿದ ನ್ಯಾಯಾಲಯ, ಶೇಕಡ 50 ಎಂಬ ಮಿತಿಗೆ ತಾನು ಯಾವ ಲೆಕ್ಕ ಕೊಟ್ಟಿತು? ಸಂವಿಧಾನದ ಯಾವ ವಿಧಿಯಲ್ಲೂ ಆ ಸಂಖ್ಯೆಯಿಲ್ಲ. ಬಾಲಾಜಿ ತೀರ್ಪಿನಲ್ಲಿ ಅದು ಸ್ಥೂಲವಾದ ಸೂಚನೆಯಾಗಿತ್ತು, ಎಷ್ಟು ಕಡಿಮೆ ಇರಬೇಕೆಂಬುದು ಆಯಾ ಸಂದರ್ಭಕ್ಕೆ ಬಿಟ್ಟದ್ದು ಎಂದೂ ಹೇಳಿತ್ತು. ಮೂವತ್ತು ವರ್ಷಗಳಲ್ಲಿ ಆ ಸೂಚನೆ ಗಟ್ಟಿಯಾಗಿ ಗೋಡೆಯಾಯಿತು. ಮಂಡಲ್ ವರದಿಯ ಮೀಸಲಾತಿ ಕುರಿತ 1992ರ ಇಂದ್ರಾ ಸಾಹ್ನಿ ತೀರ್ಪು ಅದನ್ನು ನಿಯಮವೆಂದೇ ಸ್ಥಾಪಿಸಿ, ತೀರ ಅಸಾಧಾರಣ ಸಂದರ್ಭಕ್ಕೆ ಮಾತ್ರ ಒಂದು ಕಿಂಡಿ ಬಿಟ್ಟಿತು.

ಮೀಸಲಾತಿ ಸಮಾನತೆಗೆ ಅಪವಾದ ಎಂದು ಭಾವಿಸಿದರೆ, ಅಪವಾದ ನಿಯಮಕ್ಕಿಂತ ದೊಡ್ಡದಾಗಬಾರದು ಎಂಬ ತರ್ಕದಿಂದ ಅರ್ಧದ ಮಿತಿ ಹುಟ್ಟುತ್ತದೆ. 1975ರಲ್ಲಿ ಎನ್.ಎಂ. ಥಾಮಸ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಬಹುಮತವು ಮೀಸಲಾತಿ ಸಮಾನತೆಯ ಅಪವಾದವಲ್ಲ, ಸಮಾನತೆಯನ್ನು ಜಾರಿಗೆ ತರುವ ಒಂದು ಬಗೆ ಎಂಬ ದೃಷ್ಟಿಗೆ ಬಂತು. ತರ್ಕದ ಬುಡ ಅಲುಗಿದ ಮೇಲೂ ಮಿತಿ ಮಾತ್ರ ಉಳಿದದ್ದೇಕೆ ಎಂಬುದು ನನ್ನ ಪ್ರಶ್ನೆ.

ನಿವೃತ್ತ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ನಂಜನಗೂಡಿನ ಮಿತ್ರರ ಪ್ರಶ್ನೆ ಗಟ್ಟಿಯಾದದ್ದು. ಅದನ್ನು ನ್ಯಾಯಪೀಠದ ಒಳಗಿನಿಂದಲೇ ಕೇಳಿದವರಿದ್ದಾರೆ, ಅದೂ ನಮ್ಮ ರಾಜ್ಯದ ಪ್ರಕರಣದಲ್ಲಿ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಅವರು ಮುಖ್ಯಮಂತ್ರಿಯಾದ ವರ್ಷವೇ, ಅಂದರೆ 1972ರಲ್ಲಿ, ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ಮೊದಲ ಹಿಂದುಳಿದ ವರ್ಗಗಳ ಆಯೋಗ ರಚನೆಯಾಯಿತು. 1975ರಲ್ಲಿ ಬಂದ ಅದರ ವರದಿ ಕೂಡ ನ್ಯಾಯಾಲಯದ ಮೆಟ್ಟಿಲೇರಿ, ಅಂತಿಮವಾಗಿ 1985ರಲ್ಲಿ ಕೆ.ಸಿ. ವಸಂತಕುಮಾರ್ ಪ್ರಕರಣದಲ್ಲಿ ಐದು ನ್ಯಾಯಮೂರ್ತಿಗಳು ಐದು ಪ್ರತ್ಯೇಕ ಅಭಿಪ್ರಾಯಗಳನ್ನು ಬರೆದರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಶೇಕಡ 50ರ ಮಿತಿಗೆ ಗಟ್ಟಿ ಆಧಾರವಿಲ್ಲವೆಂದು ಪ್ರತಿಪಾದಿಸಿದರು. ಮಂಡ್ಯ ಜಿಲ್ಲೆಯ ಮೂಲದವರಾದ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ.ಎಸ್. ವೆಂಕಟರಾಮಯ್ಯನವರು ಅದೇ ಪೀಠದಲ್ಲಿದ್ದು ಮಿತಿ ಬೇಕೆಂಬ ಕಡೆ ನಿಂತರು. ಒಂದೇ ಪ್ರಕರಣದಲ್ಲಿ ಎರಡೂ ವಾದಗಳು ಇಷ್ಟು ಪೂರ್ಣವಾಗಿ ಎದುರಾದದ್ದು ಅಪರೂಪ. ಚಿನ್ನಪ್ಪ ರೆಡ್ಡಿಯವರು ನಿವೃತ್ತರಾದ ನಂತರ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿ ಕೊಟ್ಟರು. ತೀರ್ಪಿನಲ್ಲಿ ಎತ್ತಿದ ಪ್ರಶ್ನೆಗಳನ್ನು ಹಳ್ಳಿಗಳ ನಡುವೆ ನಿಂತು ಪರೀಕ್ಷಿಸುವ ಅವಕಾಶ ಒಬ್ಬ ನ್ಯಾಯಮೂರ್ತಿಗೆ ಸಿಕ್ಕಿದ್ದು ನಮ್ಮ ರಾಜ್ಯದ ಭಾಗ್ಯವೆಂದೇ ನಾನು ಭಾವಿಸುತ್ತೇನೆ.

ಮಿತಿಯ ಬಗ್ಗೆ ನನ್ನ ಅಭಿಪ್ರಾಯ ಕೇಳುವುದಾದರೆ, ಸಂಖ್ಯೆಗೆ ಪವಿತ್ರತೆಯೇನೂ ಇಲ್ಲ. ಆದರೆ ಮಿತಿಯನ್ನು ದಾಟಬೇಕೆನ್ನುವ ಸರ್ಕಾರ ಏಕೆ ದಾಟಬೇಕೆಂಬುದನ್ನು ಅಂಕಿಅಂಶಗಳಿಂದ ಸಾಧಿಸಲಿ ಎಂಬ ಬೇಡಿಕೆ ಅನ್ಯಾಯವಲ್ಲ.

ರಾಜ್ಯ ಸರ್ಕಾರಿ ನೌಕರ, ಮೈಸೂರು

ಕಾಲೇಜು ಸೀಟುಗಳ ಚರ್ಚೆಯಲ್ಲಿ ಬಡ್ತಿಯ ವಿಷಯ ಮರೆಯಾಗಬಾರದು. ತೀರ್ಪು ಮತ್ತು ತಿದ್ದುಪಡಿಗಳು ಒಂದರ ಬೆನ್ನಿಗೆ ಇನ್ನೊಂದು ಬಿದ್ದ ಕಥೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲಿ. ಅದರ ಕೊನೆಯ ಅಂಕ ನಡೆದದ್ದು ನಮ್ಮ ರಾಜ್ಯದ ಕಚೇರಿಗಳಲ್ಲಿ.

ಇಂದ್ರಾ ಸಾಹ್ನಿ ತೀರ್ಪು ಬಡ್ತಿಯಲ್ಲಿ ಮೀಸಲಾತಿ ಸಲ್ಲದು ಎಂದಿತು. 1995ರಲ್ಲಿ 77ನೇ ತಿದ್ದುಪಡಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಅದನ್ನು ಮತ್ತೆ ತಂದಿತು. ಆಗ ಹೊಸ ಪ್ರಶ್ನೆ ಎದ್ದಿತು. ಮೀಸಲು ಬಿಂದುವಿನಲ್ಲಿ, ಅಂದರೆ ಬಡ್ತಿಯ ಸರದಿಯಲ್ಲಿ ಮೀಸಲಾತಿಗೆ ಗುರುತಿಸಿದ ಸ್ಥಾನದಲ್ಲಿ, ಮೊದಲು ಬಡ್ತಿ ಪಡೆದ ಒಬ್ಬ ನೌಕರ ಮೇಲಿನ ಹುದ್ದೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿರುತ್ತಾನೆ. ಆಮೇಲೆ, ಕೆಳಗಿನ ಹುದ್ದೆಯಲ್ಲಿ ಅವನಿಗಿಂತ ಹಿರಿಯನಾಗಿದ್ದ ಸಾಮಾನ್ಯ ವರ್ಗದ ನೌಕರ ಅದೇ ಹುದ್ದೆಗೆ ಬಂದರೆ ಹಿರಿತನ ಯಾರದು? 1999ರ ಅಜಿತ್ ಸಿಂಗ್ ಪ್ರಕರಣದಲ್ಲಿ ನ್ಯಾಯಾಲಯವು ಹಿಂದಿನಿಂದ ಬಂದವನಿಗೆ ತನ್ನ ಹಳೆಯ ಹಿರಿತನ ಮರಳಿ ಸಿಗುತ್ತದೆ ಎಂದಿತು. 2001ರ 85ನೇ ತಿದ್ದುಪಡಿ ಅದನ್ನು ಅಳಿಸಿ, ಬಡ್ತಿಯೊಂದಿಗೆ ತತ್ಪರಿಣಾಮದ ಜ್ಯೇಷ್ಠತೆಯೂ, ಅಂದರೆ ಮೊದಲು ಬಡ್ತಿ ಪಡೆದದ್ದರಿಂದ ಸಿಗುವ ಹಿರಿತನವೂ, ಬರುತ್ತದೆ ಎಂದು 1995ರ ಜೂನ್‌ನಿಂದ ಪೂರ್ವಾನ್ವಯವಾಗುವಂತೆ ಸೇರಿಸಿತು. 2006ರಲ್ಲಿ ಎಂ. ನಾಗರಾಜ್ ಪ್ರಕರಣದ ಐವರ ಪೀಠ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತಾದರೂ ಸರ್ಕಾರಗಳ ಮೇಲೆ ಷರತ್ತು ಹೊರಿಸಿತು: ಹಿಂದುಳಿದಿರುವಿಕೆ, ಪ್ರಾತಿನಿಧ್ಯದ ಕೊರತೆ, ಆಡಳಿತ ದಕ್ಷತೆ ಇವುಗಳ ಬಗ್ಗೆ ಎಣಿಸಬಹುದಾದ ಅಂಕಿಅಂಶ ಸಂಗ್ರಹಿಸಬೇಕು.

ಕರ್ನಾಟಕ 2002ರಲ್ಲೇ ಜ್ಯೇಷ್ಠತೆಯ ಕಾಯ್ದೆ ಮಾಡಿಕೊಂಡಿತ್ತು. ಅಂಥ ಅಂಕಿಅಂಶ ಅದರ ಹಿಂದೆ ಇರಲಿಲ್ಲ. 2017ರ ಫೆಬ್ರವರಿಯಲ್ಲಿ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಆ ಕಾಯ್ದೆಯ ಮುಖ್ಯ ಭಾಗಗಳು ಬಿದ್ದುಹೋದವು. ಇಲಾಖೆ ಇಲಾಖೆಗಳಲ್ಲಿ ಜ್ಯೇಷ್ಠತಾ ಪಟ್ಟಿಗಳನ್ನು ಮತ್ತೆ ಬರೆಯಬೇಕಾಯಿತು. ಜವಾಬ್ದಾರಿಯ ಹುದ್ದೆಯಲ್ಲಿ ವರ್ಷಗಟ್ಟಲೆ ದುಡಿದವರು ಹಿಂಬಡ್ತಿಯ ಭಯದಲ್ಲಿ ದಿನ ದೂಡಿದರು. ತಮ್ಮ ಸರದಿ ತಪ್ಪಿತೆಂದು ನೊಂದಿದ್ದ ಇನ್ನೊಂದು ಗುಂಪೂ ಅದೇ ಕಚೇರಿಯಲ್ಲಿ ಕುಳಿತಿತ್ತು. ಇಬ್ಬರ ನೋವೂ ನಿಜವಾದದ್ದು, ಅದಕ್ಕೆ ಹೊಣೆ ಲೆಕ್ಕ ತೆಗೆಯದೆ ಕಾಯ್ದೆ ಮಾಡಿದ ಪದ್ಧತಿ.

ಮುಂದೆ ಸರ್ಕಾರ ರತ್ನಪ್ರಭಾ ಸಮಿತಿಯಿಂದ ಅಂಕಿಅಂಶ ತರಿಸಿ, ಹೊಸ ಕಾಯ್ದೆ ಮಾಡಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2019ರ ಮೇ 10ರಂದು ಎರಡನೇ ಪವಿತ್ರ ತೀರ್ಪು ಅದನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ದಕ್ಷತೆಯ ಬಗ್ಗೆ ಬರುವ ವಿಚಾರವನ್ನು ಎಲ್ಲ ನೌಕರರೂ ಓದಬೇಕು. ಸಮಾಜದ ಎಲ್ಲ ಭಾಗಗಳೂ ಪಾಲ್ಗೊಳ್ಳುವ ಆಡಳಿತವೇ ದಕ್ಷ ಆಡಳಿತ, ಪರೀಕ್ಷೆಯ ಅಂಕವೊಂದೇ ದಕ್ಷತೆಯ ಅಳತೆಯಲ್ಲ ಎಂಬ ನಿಲುವನ್ನು ನ್ಯಾಯಮೂರ್ತಿ ಚಂದ್ರಚೂಡ್ ಅವರು ಅಲ್ಲಿ ವಿವರವಾಗಿ ಕಟ್ಟಿದ್ದಾರೆ. ಒಂದೇ ವಿಷಯ, ಒಂದೇ ರಾಜ್ಯ, ಎರಡು ವರ್ಷಗಳ ಅಂತರ. ಲೆಕ್ಕವಿಲ್ಲದ ಕಾಯ್ದೆ ಬಿತ್ತು, ಲೆಕ್ಕವಿದ್ದ ಕಾಯ್ದೆ ನಿಂತಿತು. ಉಪನ್ಯಾಸಕರ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ತಿಳಿದಿಲ್ಲ.

ಮಾಜಿ ಗ್ರಾಮ ಪಂಚಾಯಿತಿ ಸದಸ್ಯೆ, ಶ್ರೀರಂಗಪಟ್ಟಣ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಮೇಷ್ಟ್ರು ಹೇಳಿದ ಕ್ರಮದಲ್ಲಿ ತೀರ್ಪು ಮುಂದೆ, ತಿದ್ದುಪಡಿ ಹಿಂದೆ ಬಂದಿದೆ. ನನ್ನಂಥವಳು ಪಂಚಾಯಿತಿಯ ಸಭೆಯಲ್ಲಿ ಕೂರುವಂತಾದದ್ದು ಬೇರೆ ದಾರಿಯಿಂದ. ಅಲ್ಲಿ ರಾಜ್ಯದ ಕಾಯ್ದೆ ಮೊದಲು ಬಂತು, ಅದರ ಅನುಭವದ ಮೇಲೆ ದೇಶದ ಸಂವಿಧಾನವೇ ತಿದ್ದುಪಡಿಯಾಯಿತು.

ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ಬಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇಕಡ 25 ಸ್ಥಾನ ಕಾದಿರಿಸಿತು. 1987ರಲ್ಲಿ ಚುನಾವಣೆ ನಡೆದು ಸಾವಿರಾರು ಹೆಂಗಸರು ಮೊದಲ ಬಾರಿಗೆ ಅಧಿಕಾರದ ಜಾಗಕ್ಕೆ ಬಂದರು. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಯಾಗಿ ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. ನಮ್ಮ ರಾಜ್ಯ 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಆರಂಭದಲ್ಲಿ ಗಂಡಂದಿರೇ ಸಭೆಗೆ ಬಂದು ಕೂರುತ್ತಿದ್ದರು, ಹೆಂಡತಿ ಸಹಿ ಹಾಕುತ್ತಿದ್ದಳು ಎಂದು ಆಡಿಕೊಳ್ಳುವವರು ಈಗಲೂ ಇದ್ದಾರೆ. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ನಜೀರ್ ಸಾಬ್ ಅವರದೇ ಹೆಸರಿದೆ. ಅಲ್ಲಿ ತರಬೇತಿಗೆ ಬಂದ ಹೆಣ್ಣುಮಕ್ಕಳು ಕ್ರಿಯಾಯೋಜನೆ ಓದುವುದನ್ನೂ, ಬಿಲ್ಲು ತಡೆಹಿಡಿಯುವುದನ್ನೂ ಕಲಿತು ಊರಿಗೆ ಹೋದರು. ಆಮೇಲೆ ಗಂಡಂದಿರು ಸಭೆಯ ಹೊರಗೇ ನಿಂತದ್ದನ್ನು ನಾನು ಕಂಡಿದ್ದೇನೆ.

ಹಿಂದುಳಿದ ವರ್ಗಗಳ ಸ್ಥಾನಗಳ ವಿಷಯದಲ್ಲಿ ಮಾತ್ರ ಮೇಷ್ಟ್ರ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಕಲಿಕೆಯಲ್ಲಿ ಹಿಂದುಳಿದ ಸಮುದಾಯ ರಾಜಕೀಯದಲ್ಲೂ ಹಿಂದುಳಿದಿದೆ ಎಂದು ಸುಮ್ಮನೆ ಊಹಿಸಬಾರದು ಎಂದು 2010ರಲ್ಲಿ ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದಕ್ಕೆ ಬೇಕಾದ ಅಧ್ಯಯನವನ್ನು ಸಕಾಲದಲ್ಲಿ ಮಾಡದೆ, ಕ್ಷೇತ್ರ ವಿಂಗಡಣೆಯನ್ನೂ ಮುಗಿಸದೆ ಇದ್ದುದರಿಂದ, 2021ರಲ್ಲಿ ಅವಧಿ ಮುಗಿದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಲೆಕ್ಕ ಕೊಡದ ತಪ್ಪು ಸರ್ಕಾರದ್ದು, ಪ್ರತಿನಿಧಿಗಳನ್ನು ಕಳೆದುಕೊಂಡವರು ಹಳ್ಳಿಯವರು. ಸಂವಿಧಾನ ಐದು ವರ್ಷಕ್ಕೊಮ್ಮೆ ಎಂದು ಬರೆದಿರುವುದನ್ನು ಹೀಗೆ ಮುಂದೂಡುವುದು ಹಕ್ಕಿನ ಉಲ್ಲಂಘನೆಯೇ ಎಂದು ನಾನು ಹೇಳುತ್ತೇನೆ.

ಕಾನೂನು ವಿದ್ಯಾರ್ಥಿನಿ, ಮಂಡ್ಯ

ಅಮ್ಮ, ನಿಮ್ಮ ಬರಹದಿಂದ 73ನೇ ತಿದ್ದುಪಡಿ ನನಗೆ ಪಠ್ಯಕ್ಕಿಂತ ಚೆನ್ನಾಗಿ ಅರ್ಥವಾಯಿತು. ವಕೀಲರಿಗೆ ಇನ್ನೊಂದು ಪ್ರಶ್ನೆ. ತಿದ್ದುಪಡಿಯಿಂದ ಯಾವ ತೀರ್ಪನ್ನಾದರೂ ಅಳಿಸಬಹುದೇ? ಕರ್ನಾಟಕವು ಪರಿಶಿಷ್ಟ ಜಾತಿಯ ಮೀಸಲಾತಿಯನ್ನು 15ರಿಂದ 17ಕ್ಕೆ, ಪಂಗಡದ್ದನ್ನು 3ರಿಂದ 7ಕ್ಕೆ ಏರಿಸಿದ ಕಾಯ್ದೆಯನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿದರೆ ಸುರಕ್ಷಿತ ಎಂದು ಎಲ್ಲರೂ ಹೇಳುತ್ತಾರೆ.

ವಕೀಲ, ಮೈಸೂರು

ಅಳಿಸಲಾಗದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಪ್ರಕರಣದಲ್ಲಿ 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ಏಳು ಆರರ ಬಹುಮತದಿಂದ ಹೇಳಿದ್ದು ಇದನ್ನೇ: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಬಹುಮತದಲ್ಲಿದ್ದ ಕನ್ನಡಿಗರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರೂ, ಜೊತೆಗೆ ಶೆಲತ್ ಮತ್ತು ಗ್ರೋವರ್ ಅವರೂ ಮರುದಿನವೇ ಮುಖ್ಯ ನ್ಯಾಯಮೂರ್ತಿ ಸ್ಥಾನದ ಹಿರಿತನದಲ್ಲಿ ಬದಿಗೊತ್ತಲ್ಪಟ್ಟರು, ಮೂವರೂ ರಾಜೀನಾಮೆ ಕೊಟ್ಟರು. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಅವರು ತೆತ್ತ ಬೆಲೆಯನ್ನು ಕನ್ನಡಿಗರಾದ ನಾವು ಹೆಚ್ಚು ನೆನೆಯಬೇಕು.

ಒಂಬತ್ತನೇ ಅನುಸೂಚಿಯೂ 1951ರ ಮೊದಲ ತಿದ್ದುಪಡಿಯ ಕೂಸು. ಭೂಸುಧಾರಣೆಯ ಕಾಯ್ದೆಗಳನ್ನು ನ್ಯಾಯಾಲಯಗಳು ರದ್ದುಪಡಿಸದಂತೆ ಕಾಪಾಡಲು ಅದನ್ನು ಮಾಡಿದರು. 1994ರಲ್ಲಿ 76ನೇ ತಿದ್ದುಪಡಿಯ ಮೂಲಕ ತಮಿಳುನಾಡಿನ ಶೇಕಡ 69ರ ಮೀಸಲಾತಿ ಕಾಯ್ದೆಯನ್ನು ಅಲ್ಲಿಗೆ ಸೇರಿಸಲಾಯಿತು. 2007ರ ಐ.ಆರ್. ಕೊಯೆಲೊ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು, 1973ರ ಏಪ್ರಿಲ್ 24ರ ನಂತರ ಆ ಅನುಸೂಚಿಗೆ ಸೇರಿದ ಯಾವ ಕಾಯ್ದೆಯನ್ನಾದರೂ ಮೂಲ ಸ್ವರೂಪದ ಒರೆಗೆ ಹಚ್ಚಬಹುದು ಎಂದು ತೀರ್ಮಾನಿಸಿದರು. ಆದ್ದರಿಂದ ಕರ್ನಾಟಕದ 2022ರ ಕಾಯ್ದೆಯಿಂದ ಒಟ್ಟು ಪ್ರಮಾಣ ಶೇಕಡ 56 ಆಗಿರುವುದನ್ನು ಅನುಸೂಚಿಯ ಬೀಗ ಹಾಕಿ ರಕ್ಷಿಸಬಹುದೆಂಬ ನಂಬಿಕೆ ಅಪಾಯಕಾರಿ. ಕೊನೆಗೆ ನ್ಯಾಯಾಲಯದ ಮುಂದೆ ಇಡಬೇಕಾದದ್ದು ಅಂಕಿಅಂಶವೇ.

ಓದುಗ, ನಂಜನಗೂಡು

ಅಂಕಿಅಂಶದ ಬೇಡಿಕೆ ಎಲ್ಲರಿಗೂ ಸಮನಾಗಿದ್ದರೆ ನನ್ನ ತಕರಾರು ಇಲ್ಲ. 2019ರ 103ನೇ ತಿದ್ದುಪಡಿಯನ್ನು ನೋಡಿ. ಆರ್ಥಿಕವಾಗಿ ದುರ್ಬಲರಾದವರಿಗೆ ಶೇಕಡ 10 ಮೀಸಲಾತಿ ಕೊಡುವ ಆ ತಿದ್ದುಪಡಿಯಲ್ಲಿ, 16(4)ನೇ ವಿಧಿಯಲ್ಲಿರುವಂತೆ ಪ್ರಾತಿನಿಧ್ಯದ ಕೊರತೆ ಇರಬೇಕೆಂಬ ಮಾತೇ ಇಲ್ಲ. 1992ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆರ್ಥಿಕ ಆಧಾರವೊಂದರ ಮೇಲೆ ಕೊಟ್ಟ ಶೇಕಡ 10ನ್ನು ರದ್ದುಪಡಿಸಿತ್ತು. 2022ರ ನವೆಂಬರ್ 7ರಂದು ಐವರ ಪೀಠ ಮೂರು ಎರಡರ ಬಹುಮತದಿಂದ ಈ ತಿದ್ದುಪಡಿಯನ್ನು ಎತ್ತಿಹಿಡಿದು, ಶೇಕಡ 50ರ ಮಿತಿ ಇದಕ್ಕೆ ಅಡ್ಡಿಯಲ್ಲ ಎಂದಿತು. ಹಿಂದುಳಿದವರು ಕೇಳಿದಾಗ ಗೋಡೆಯಾಗಿದ್ದ ಮಿತಿ ಆಗ ಬಾಗಿಲಾಯಿತು.

ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ರವೀಂದ್ರ ಭಟ್ ಅವರು ಭಿನ್ನಮತದ ತೀರ್ಪು ಬರೆದರು, ಮುಖ್ಯ ನ್ಯಾಯಮೂರ್ತಿ ಲಲಿತ್ ಅದಕ್ಕೆ ಸಹಮತ ಸೂಚಿಸಿದರು. ಬಡತನವನ್ನು ಆಧಾರ ಮಾಡಿಕೊಳ್ಳುವುದನ್ನು ಅವರು ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ಬಡವರಲ್ಲೇ ಅತಿ ಬಡವರಾದ ಪರಿಶಿಷ್ಟರನ್ನೂ ಹಿಂದುಳಿದವರನ್ನೂ ಆ ಸೌಲಭ್ಯದಿಂದ ಹೊರಗಿಟ್ಟದ್ದು ಸಮಾನತೆಯ ತಳಹದಿಗೇ ವಿರುದ್ಧ ಎಂದರು. ನನಗೆ ಆ ಭಿನ್ನಮತವೇ ಸಂವಿಧಾನದ ಆಶಯಕ್ಕೆ ಹತ್ತಿರವೆನಿಸುತ್ತದೆ.

ನಿವೃತ್ತ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ಈ ಮಾತನ್ನು ನಾನು ಒಪ್ಪುತ್ತೇನೆ. ಬೇಡಿಕೆ ನ್ಯಾಯವಾದದ್ದು ಎಂದಾದರೆ ಅದು ಎಲ್ಲರ ಮೇಲೂ ಇರಬೇಕು. 103ನೇ ತಿದ್ದುಪಡಿಯ ಮುಂದೆ ಅದೇ ಪ್ರಶ್ನೆಯನ್ನು ಅಷ್ಟೇ ಗಟ್ಟಿಯಾಗಿ ಕೇಳದೆ ಹೋದದ್ದು ನ್ಯಾಯಾಲಯದ ನಡೆಯಲ್ಲಿ ಉಳಿದ ದೊಡ್ಡ ಬಿರುಕು.

ನಾನು ಈ ಚರ್ಚೆ ಆರಂಭಿಸಿದ ಒಳಮೀಸಲಾತಿಗೆ ಬರುತ್ತೇನೆ. ಬಾಲಾಜಿ ತೀರ್ಪು ಹಿಂದುಳಿದವರನ್ನು ಎರಡು ಪದರಗಳಾಗಿ ಒಡೆಯುವುದನ್ನು ಒಪ್ಪಲಿಲ್ಲ ಎಂದು ವಕೀಲರು ಬರೆದರಲ್ಲ, ಆ ಭಾಗವನ್ನು ಇಂದ್ರಾ ಸಾಹ್ನಿ ತೀರ್ಪು ಬಿಟ್ಟುಕೊಟ್ಟು, ಹಿಂದುಳಿದ ವರ್ಗಗಳೊಳಗೆ ವಿಂಗಡಣೆ ಸಾಧ್ಯ ಎಂದಿತು. ಪರಿಶಿಷ್ಟ ಜಾತಿಗಳ ವಿಷಯದಲ್ಲಿ ಮಾತ್ರ, ಅವುಗಳನ್ನು ಒಳಗೆ ವಿಂಗಡಿಸುವಂತಿಲ್ಲ ಎಂದ 2004ರ ಇ.ವಿ. ಚಿನ್ನಯ್ಯ ತೀರ್ಪು ಅಡ್ಡವಾಗಿ ನಿಂತಿತ್ತು. 2024ರ ಆಗಸ್ಟ್ 1ರಂದು ಏಳು ನ್ಯಾಯಮೂರ್ತಿಗಳ ಪೀಠ ದವಿಂದರ್ ಸಿಂಗ್ ಪ್ರಕರಣದಲ್ಲಿ ಆರು ಒಂದರ ಬಹುಮತದಿಂದ ಅದನ್ನೂ ತೆಗೆದುಹಾಕಿತು. 1962ರಲ್ಲಿ ಮೈಸೂರು ಸರ್ಕಾರ ಒರಟಾಗಿ ಮಾಡಹೊರಟಿದ್ದ ಒಂದು ಕೆಲಸ ಅರವತ್ತೆರಡು ವರ್ಷಗಳ ನಂತರ, ಇನ್ನೂ ಕೆಳಗಿನ ಮೆಟ್ಟಿಲಲ್ಲಿರುವವರ ಪರವಾಗಿ, ಕಾನೂನುಬದ್ಧವಾಯಿತು.

ಕಾನೂನು ವಿದ್ಯಾರ್ಥಿನಿ, ಮಂಡ್ಯ

ಹಾಗಿದ್ದರೆ ನಮ್ಮ ರಾಜ್ಯದ ತೀರ್ಮಾನ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಸರ್?

ವಕೀಲ, ಮೈಸೂರು

ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಸಮೀಕ್ಷೆ ನಡೆಸಿ, ಪರಿಶಿಷ್ಟ ಜಾತಿಗಳನ್ನು ಐದು ಗುಂಪುಗಳಾಗಿ ವಿಂಗಡಿಸಲು ಶಿಫಾರಸು ಮಾಡಿತು. 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಅದನ್ನು ಮೂರು ಗುಂಪುಗಳಿಗೆ ಇಳಿಸಿ, ಶೇಕಡ 17ನ್ನು 6, 6 ಮತ್ತು 5 ಎಂದು ಹಂಚಿತು. ಅಲೆಮಾರಿ ಮತ್ತು ಅತಿ ಹಿಂದುಳಿದ ಸಮುದಾಯಗಳಿಗೆ ಆಯೋಗ ಸೂಚಿಸಿದ್ದ ಶೇಕಡ 1ರ ಪ್ರತ್ಯೇಕ ಗುಂಪು ಇದರಲ್ಲಿ ಉಳಿಯಲಿಲ್ಲ. ಅವರು ತಮಗಿಂತ ಮುಂದಿರುವ ಸಮುದಾಯಗಳೊಂದಿಗೆ ಶೇಕಡ 5ರೊಳಗೆ ಪೈಪೋಟಿ ನಡೆಸಬೇಕಾಗಿದೆ.

ದವಿಂದರ್ ಸಿಂಗ್ ತೀರ್ಪಿನ ಪ್ರಕಾರ ರಾಜ್ಯವು ಒಂದು ಗುಂಪನ್ನು ಬೇರ್ಪಡಿಸಿದರೆ, ಆ ಗುಂಪಿನ ಪ್ರಾತಿನಿಧ್ಯ ಏಕೆ ಸಾಲದು ಎಂಬುದನ್ನು ಅಂಕಿಅಂಶಗಳಿಂದ ಸಮರ್ಥಿಸಬೇಕು. ಆಯೋಗದ ಸಮೀಕ್ಷೆ ಆ ಕೆಲಸಕ್ಕೆ ಒದಗುತ್ತದೆ. ಆದರೆ ಆಯೋಗ ಐದಾಗಿ ಎಣಿಸಿದ್ದನ್ನು ಮೂರಾಗಿ ಮಡಚಲು ಯಾವ ಲೆಕ್ಕ ಆಧಾರವಾಯಿತು ಎಂಬ ಪ್ರಶ್ನೆಗೆ ಸರ್ಕಾರ ಪ್ರತ್ಯೇಕವಾಗಿ ಉತ್ತರಿಸಬೇಕಾಗುತ್ತದೆ. ನಾಗನಗೌಡ ಸಮಿತಿಯ ಎಣಿಕೆಯನ್ನು ಇಟ್ಟುಕೊಂಡೇ ಬೇರೆ ದಿಕ್ಕಿಗೆ ನಡೆದ 1962ರ ಆದೇಶಕ್ಕೆ ಎದುರಾದ ಪ್ರಶ್ನೆಯೂ ಇದೇ ಆಗಿತ್ತು. ವಿದ್ಯಾರ್ಥಿನಿಯವರು ಬಾಲಾಜಿ ಮತ್ತು ದವಿಂದರ್ ಸಿಂಗ್ ತೀರ್ಪುಗಳನ್ನೂ ಆಯೋಗದ ಶಿಫಾರಸುಗಳನ್ನೂ ಜೊತೆಯಲ್ಲಿಟ್ಟುಕೊಂಡು ಓದಲಿ. ನಿಲ್ಲುತ್ತದೆಯೋ ಇಲ್ಲವೋ ಎಂಬುದು ಶೇಕಡ 6 ಮತ್ತು 6ರ ಮೇಲೆ ನಿರ್ಧಾರವಾಗುವುದಿಲ್ಲ, ಆ ಶೇಕಡ 5ರೊಳಗೆ ಅಲೆಮಾರಿಗಳಿಗೆ ಏನು ಉಳಿಯಿತು ಎಂಬುದರ ಮೇಲೆ ನಿರ್ಧಾರವಾಗುತ್ತದೆ ಎಂದು ನನ್ನ ಅಂದಾಜು.